ನೋಟದ ಋಣ

ಇನ್ನೊಬ್ಬರ ಕಷ್ಟದಲ್ಲಿ ನಮಗೆ ಚೆಲುವು ಕಂಡರೆ ಅದು ತಪ್ಪೆ? ಪ್ರಶ್ನೆಯನ್ನು ಹೀಗೆ ನೇರವಾಗಿ ಮುಂದಿಟ್ಟರೆ ‘ತಪ್ಪು’ ಎಂದೇ ಎಲ್ಲರೂ ಹೇಳಿಯಾರು. ಆದರೆ ನಮ್ಮ ನಿತ್ಯದ ನಡವಳಿಕೆ ಈ ಉತ್ತರಕ್ಕೆ ಹೊಂದುವುದಿಲ್ಲ. ಮೊಳಕಾಲುದ್ದ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವ ಹೆಂಗಸರ ಸಾಲನ್ನು ರೈಲಿನ ಕಿಟಕಿಯಿಂದ ಕಂಡು ‘ಆಹಾ!’ ಎನ್ನದವರು ಯಾರು? ಅವರ ಸೊಂಟದ ನೋವು ಆ ಉದ್ಗಾರದಲ್ಲಿ ಸೇರಿರುವುದಿಲ್ಲ. ನಮ್ಮ ಮನೆಯ ಗೋಡೆ ಬಿದ್ದರೆ ಗಾರೆಯವನನ್ನು ಕರೆಯುತ್ತೇವೆ. ಪರವೂರಿನಲ್ಲಿ ಗೋಡೆ ಬಿದ್ದಿದ್ದರೆ ಕ್ಯಾಮರಾ ಹೊರಕ್ಕೆ ತೆಗೆಯುತ್ತೇವೆ. ನಮ್ಮ ಸೂರು ಸೋರಿದರೆ ಕೆಳಗೆ ಪಾತ್ರೆ ಇಡುತ್ತೇವೆ. ಬೇರೆಯವರ ಸೂರು ಸೋರುವಾಗ ಆ ಹನಿಗಳ ಮೇಲೆ ಬೆಳಕು ಬಿದ್ದ ಬಗೆಯನ್ನು ಕೊಂಡಾಡುತ್ತೇವೆ. ಹಾಗೆಂದ ಮಾತ್ರಕ್ಕೆ ನಾವೆಲ್ಲರೂ ಕಲ್ಲೆದೆಯವರೆಂದು ತೀರ್ಮಾನಿಸುವುದೂ ಸರಿಯಲ್ಲ. ಚೆಲುವು ನಮ್ಮ ಅನುಮತಿ ಕೇಳಿಕೊಂಡು ಕಣ್ಣಿಗೆ ಬೀಳುವುದಿಲ್ಲ. ಬಿದ್ದ ಮೇಲೆ ನಾವು ಏನು ಮಾಡುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ನಾನು ಇಲ್ಲಿ ಯೋಚಿಸಹೊರಟಿರುವುದು ಆ ‘ಮೇಲೆ’ಯನ್ನು ಕುರಿತು.

ಕನ್ನಡ ಪಾಠ ಹೇಳುವವನಾದ್ದರಿಂದ ಮಾತಿನ ತುದಿ ಹಿಡಿದು ಹೊರಡುವುದು ನನಗೆ ಸುಲಭ. ೧೮೩೯ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ಛಾಯಾಚಿತ್ರ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಮುಂದೆ ಆ ವಿದ್ಯೆ ನಮ್ಮ ನಾಡಿಗೆ ಬಂದಾಗ ನಮ್ಮ ಜನ ಅದಕ್ಕೆ ಹೊಸ ಕ್ರಿಯಾಪದವನ್ನು ಹುಟ್ಟಿಸುವ ಗೋಜಿಗೆ ಹೋಗಲಿಲ್ಲ, ಮನೆಯಲ್ಲಿದ್ದವನ್ನೇ ಬಳಸಿದರು. ಫೋಟೋ ತೆಗೆಯುತ್ತೇವೆ, ಚಿತ್ರ ಹಿಡಿಯುತ್ತೇವೆ, ಹುಡುಗರ ಬಾಯಲ್ಲಿ ಫೋಟೋ ಹೊಡೆಯುತ್ತೇವೆ. ತೆಗೆಯುವುದು, ಹಿಡಿಯುವುದು, ಹೊಡೆಯುವುದು: ಮೂರರಲ್ಲಿಯೂ ಎದುರಿಗಿರುವವನ ಇಷ್ಟಾನಿಷ್ಟಕ್ಕೆ ಜಾಗವಿಲ್ಲ. ‘ಕೊಡು’ ಎಂಬ ಕ್ರಿಯಾಪದ ಈ ವಿದ್ಯೆಯ ಹತ್ತಿರ ಸುಳಿದದ್ದು ಒಂದೇ ಕಡೆ: ‘ಪೋಸು ಕೊಡುವುದು’ ಎಂಬಲ್ಲಿ. ಅದನ್ನೋ ನಾವು ಹಾಸ್ಯಕ್ಕೆ ಮೀಸಲಿಟ್ಟಿದ್ದೇವೆ.

ಕಳೆದ ಆಷಾಢದಲ್ಲಿ ನಮ್ಮ ಕಾಲೇಜಿನ ಛಾಯಾಚಿತ್ರ ಹವ್ಯಾಸಿಗಳು ಎಂಟು ಮಂದಿ ವಿದ್ಯಾರ್ಥಿಗಳು ರಾಮನಗರಕ್ಕೆ ಹೊರಟರು. ಜೊತೆಗೆ ಒಬ್ಬ ಅಧ್ಯಾಪಕರು ಇರಬೇಕೆಂಬ ನಿಯಮಕ್ಕಾಗಿ ನಾನೂ ಹೊರಟೆ. ಬೆಂಗಳೂರು ಬಿಟ್ಟಾಗಲೇ ಜಿನುಗುತ್ತಿದ್ದ ಮಳೆ ಬಿಡದಿಯ ಹೊತ್ತಿಗೆ ಹಿಡಿದುಕೊಂಡಿತು. ‘ಮೋಡದ ಬೆಳಕು ಮೃದುವಾಗಿರುತ್ತದೆ ಸರ್, ನೆರಳು ಕಡುವಾಗುವುದಿಲ್ಲ, ಇದೇ ಒಳ್ಳೆಯ ದಿನ’ ಎಂದು ಹುಡುಗರು ಹಿಗ್ಗಿದರು. ಮಳೆಯೂ ಒಂದು ಅನುಕೂಲವೆನ್ನಿಸುವುದು ಕೊಡೆ ಹಿಡಿದು ನೋಡಲು ಹೋಗುವವರಿಗೆ. ಮಾರಲು ಹೋಗುವವರಿಗೆ ಅದು ಹೇಗೆನ್ನಿಸುತ್ತದೆಂಬುದು ಇನ್ನರ್ಧ ಗಂಟೆಯಲ್ಲಿ ತಿಳಿಯಲಿತ್ತು.

ರಾಮನಗರ ಹುಟ್ಟಿದ್ದೇ ಪೇಟೆಯಾಗಿ. ಟಿಪ್ಪುವಿನ ಪತನದ ತರುವಾಯ, ೧೮೦೦ರ ಸುಮಾರಿನಲ್ಲಿ, ಕಾಡು ಮುಸುಕಿದ ಮೈಸೂರು ದಾರಿಯಲ್ಲಿ ಪ್ರಯಾಣಿಕರಿಗೆ ಭದ್ರತೆ ಇರಲೆಂದು ದಿವಾನ್ ಪೂರ್ಣಯ್ಯನವರು ಇಲ್ಲಿ ಊರು ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಮನುಷ್ಯನ ಹೆಸರು ಊರಿನಿಂದ ಅಳಿಸಿಹೋದರೂ ಭೂವಿಜ್ಞಾನಿಗಳ ಬಾಯಲ್ಲಿ ಇಲ್ಲಿನ ಬಂಡೆ ಈಗಲೂ ‘ಕ್ಲೋಸ್‌ಪೇಟ್ ಗ್ರಾನೈಟ್’. ಸ್ವಾತಂತ್ರ್ಯಾನಂತರ ಊರು ರಾಮನಗರವಾಯಿತು. ೨೦೦೭ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿಕೊಂಡು ಜಿಲ್ಲಾ ಕೇಂದ್ರವಾಯಿತು. ೨೦೨೫ರಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಹೆಸರುಗಳು ಬಂದುಹೋಗುತ್ತಿರಲಿ, ಪೇಟೆಯ ಗುಣ ಹೋಗಿಲ್ಲ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇಲ್ಲಿದೆ.

ಅಧಿಕಾರಿಗಳ ಅನುಮತಿ ಪಡೆದು ನಾವು ಒಳಹೊಕ್ಕೆವು. ಹೊರಗೆ ಟಾರ್ಪಾಲಿನ ಮೇಲೆ ಮಳೆಯ ಸದ್ದು. ಒಳಗೆ ಸಾಲುಸಾಲಾಗಿ ಹರಡಿದ ಗೂಡು. ದ್ವಿತಳಿಯದು ಬಿಳುಪು, ಮಿಶ್ರತಳಿಯದು ಹಳದಿ. ತಗಡಿನ ಮಾಡಿನ ಸಂದಿನಿಂದ ಇಳಿದ ಬೂದಿ ಬೆಳಕು ಆ ಹಳದಿಯ ರಾಶಿಗಳ ಮೇಲೆ ಬಿದ್ದು, ಯಾರೋ ಮಣಗಟ್ಟಲೆ ಚಿನ್ನವನ್ನು ಉಂಡೆ ಕಟ್ಟಿ ಸುರಿದಂತೆ ಕಾಣುತ್ತಿತ್ತು. ಕ್ಯಾಮರಾಗಳು ತಡೆಯಿಲ್ಲದೆ ಸದ್ದು ಮಾಡಿದವು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆ ನೋಟ ನಿಜವಾಗಿಯೂ ಚೆಲುವಾಗಿತ್ತು.

ಕನಕಪುರದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ರೈತರೊಬ್ಬರು ತಮ್ಮ ಗೂಡಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ನಮ್ಮ ವಿದ್ಯಾರ್ಥಿನಿಯೊಬ್ಬಳು ಅವರನ್ನು ಕೇಳಿ ಅವರ ಗೂಡಿನ ಚಿತ್ರ ತೆಗೆದು ತೋರಿಸಿದಳು. ಅವರು ತಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ‘ಬಣ್ಣ ಚೆಂದಾಗ್ ಬಂದದೆ ಕಣವ್ವ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಯಾವ ಕಹಿಯೂ ಇಲ್ಲದೆ, ‘ಬಣ್ಣ ಬಂತು, ರೇಟ್ ಬರ್ಲಿಲ್ಲ ನೋಡಿ ಮೇಷ್ಟ್ರೇ’ ಎಂದರು.

ಯಾಕೆ ಬರಲಿಲ್ಲವೆಂದು ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಹತ್ತಿ ಗೂಡು ಕಟ್ಟುವ ಮೂರು ದಿನಗಳಲ್ಲಿ ಗಾಳಿ ಒಣಗಿರಬೇಕು. ಥಂಡಿ ಹಿಡಿದರೆ ನೂಲು ಸಲೀಸಾಗಿ ಬಿಚ್ಚಿಕೊಳ್ಳದೆ ನಡುನಡುವೆ ಕಡಿಯುತ್ತದೆ. ಒಳ್ಳೆಯ ಗೂಡೊಂದರಲ್ಲಿ ನೂರಾರು ಮೀಟರು ಎಳೆ ಒಂದೇ ಆಗಿ ಸುತ್ತಿಕೊಂಡಿರುತ್ತದೆ. ಅದು ಒಂದಾಗಿಯೇ ಬರಬೇಕು. ಮಳೆಗಾಲದಲ್ಲಿ ಸುಣ್ಣಕಟ್ಟು ರೋಗದ ಹೆದರಿಕೆ ಬೇರೆ. ಇವೆಲ್ಲ ದಾಟಿ ಗೂಡು ತಂದರೆ, ತೂಕದಲ್ಲಿ ನೀರೆಷ್ಟು ರೇಷ್ಮೆಯೆಷ್ಟು ಎಂದು ಕೊಳ್ಳುವವನಿಗೆ ಅನುಮಾನ. ಸರಿ, ದರ ಬರಲಿಲ್ಲವೆಂದು ಮನೆಗೆ ಹೊತ್ತುಕೊಂಡು ಹೋಗಿ ಬಿಸಿಲು ಬರುವ ತನಕ ಕಾಯೋಣವೆಂದರೆ, ಒಳಗಿನ ಹುಳು ಕಾಯುವುದಿಲ್ಲ; ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ. ರಾಗಿಯವನು ಕಾಯಬಹುದು, ಗೂಡಿನವನು ಕಾಯಲಾರ. ಹಾಗಾಗಿ ನಮ್ಮ ಹುಡುಗರು ‘ಒಳ್ಳೆಯ ದಿನ’ ಎಂದು ಕರೆದ ಆ ದಿನ, ಅದೇ ಮಳೆಯ ದೆಸೆಯಿಂದ, ಅವರಿಗೆ ಕೆಟ್ಟ ದಿನವಾಗಿತ್ತು.

ಮಾರುಕಟ್ಟೆಯ ಒಂದು ಪದ್ಧತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಈಗ ಹರಾಜು ಕೂಗುವ ಗದ್ದಲವಿಲ್ಲ. ನೂಲು ತೆಗೆಯುವ ರೀಲರುಗಳು ರಾಶಿಗಳನ್ನು ನೋಡಿ, ಗೂಡನ್ನು ಬೆರಳಲ್ಲಿ ಅದುಮಿ, ಕಿವಿಯ ಬಳಿ ಅಲ್ಲಾಡಿಸಿ, ಮೊಬೈಲಿನಲ್ಲಿ ದರ ಹಾಕುತ್ತಾರೆ. ಆದರೆ ಆ ದರಕ್ಕೆ ರೈತ ‘ಹೂಂ’ ಎನ್ನಬೇಕು. ಒಪ್ಪದಿದ್ದರೆ ಮತ್ತೊಂದು ಸುತ್ತಿಗೆ ಕಾಯಬಹುದು. ಆ ‘ಹೂಂ’ ಎಷ್ಟೋ ಸಲ ಬೇರೆ ದಾರಿಯಿಲ್ಲದ ‘ಹೂಂ’. ಆದರೂ ಅದನ್ನು ಕೇಳಲೇಬೇಕು. ಗೂಡನ್ನು ಕೊಳ್ಳುವವನು ಹೀಗೆ ಒಪ್ಪಿಗೆಗೆ ಕಾಯುವ ಜಾಗದಲ್ಲಿ, ಗೂಡಿನವನ ಮುಖವನ್ನು ಒಯ್ಯುವವನಿಗೆ ಮಾತ್ರ ಅಂಥ ಕಟ್ಟುಪಾಡಿಲ್ಲ.

ಮಧ್ಯಾಹ್ನ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣಕ್ಕೆ ಹೋಗಿ, ಬೊಂಬೆ ಅಂಗಡಿಯೊಂದರ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದಾಗ ಚರ್ಚೆ ಹುಟ್ಟಿತು. ಆ ಹುಡುಗಿಯ ಕ್ಯಾಮರಾದಲ್ಲಿ ಇನ್ನೊಂದು ಚಿತ್ರವಿತ್ತು: ಅಂದಿನ ದರ ತಿಳಿದ ಕ್ಷಣದಲ್ಲಿ ಆ ರೈತರ ಮುಖ. ಎಂಟು ಮಂದಿ ತೆಗೆದ ನೂರಾರು ಚಿತ್ರಗಳಲ್ಲಿ ಅದಕ್ಕೆ ಸಮನಾದದ್ದು ಇರಲಿಲ್ಲವೆಂದು ಎಲ್ಲರೂ ಒಪ್ಪಿದರು. ‘ಇದನ್ನು ನೋಡಿ ಖುಷಿಪಡಬಹುದೇ ಸರ್?’ ಎಂದು ಅವಳು ಕೇಳಿದಳು. ಸಾಹಿತ್ಯದ ವಿದ್ಯಾರ್ಥಿಯೊಬ್ಬ ನಾನು ಪಾಠ ಮಾಡಿದ್ದನ್ನೇ ನನಗೆ ತಿರುಗಿಸಿದ: ‘ಹರಿಶ್ಚಂದ್ರಕಾವ್ಯ ಓದಿ ನಾವು ಆನಂದಪಡುವುದಿಲ್ಲವೆ? ಚಂದ್ರಮತಿಯ ಗೋಳು ನಮಗೆ ಕರುಣರಸವಾಗುವುದಿಲ್ಲವೆ? ಅದು ತಪ್ಪಲ್ಲವಾದರೆ ಇದೇಕೆ ತಪ್ಪು?’

ಪ್ರಶ್ನೆ ಜಾಣತನದ್ದು, ತಳ್ಳಿಹಾಕುವಂಥದಲ್ಲ. ಮೈಸೂರಿನ ಪ್ರೊಫೆಸರ್ ಎಂ. ಹಿರಿಯಣ್ಣನವರು ರಸಾನುಭವದ ವಿಷಯವಾಗಿ ಆಳವಾಗಿ ವಿಚಾರ ಮಾಡಿದವರು. ಅವರು ತೀರಿಕೊಂಡದ್ದು ೧೯೫೦ರಲ್ಲಿ. ಅವರ ಪ್ರಬಂಧಗಳ ಸಂಗ್ರಹ ‘ಆರ್ಟ್ ಎಕ್ಸ್‌ಪೀರಿಯೆನ್ಸ್’ ೧೯೫೪ರಲ್ಲಿ ಹೊರಬಂತು. ಕಲೆಯ ಮುಂದೆ ಕುಳಿತವನು ತನ್ನ ಸ್ವಂತದ ಆಸೆ ಆತಂಕಗಳಿಂದ ಕ್ಷಣಕಾಲ ಬಿಡುಗಡೆ ಹೊಂದುತ್ತಾನೆ, ಆ ಮಟ್ಟಿಗೆ ಅವನ ಸ್ಥಿತಿ ಜೀವನ್ಮುಕ್ತನ ಸ್ಥಿತಿಗೆ ಹತ್ತಿರವಾದದ್ದು ಎಂಬುದು ಅವರ ಆಶಯ. ನಮ್ಮ ಆಲಂಕಾರಿಕರು ಇದಕ್ಕೆ ‘ಸಾಧಾರಣೀಕರಣ’ವನ್ನು ಕಾರಣವಾಗಿ ಹೇಳಿದರು: ಕಾವ್ಯದ ಶೋಕ ಇಂಥವನದು ಎಂಬ ಅಂಟು ಕಳಚಿ ಎಲ್ಲರದಾಗುತ್ತದೆ, ಆದ್ದರಿಂದಲೇ ಅದು ಸುಡದೆ ರಸವಾಗುತ್ತದೆ.

ಆದರೆ ಈ ಮಾತಿನ ಒಳಗೇ ನನ್ನ ಶಿಷ್ಯನಿಗೆ ಉತ್ತರವಿದೆ. ಚಂದ್ರಮತಿ ನಮ್ಮ ಎದುರು ಕುಳಿತಿಲ್ಲ. ನಾವು ಪುಸ್ತಕ ಮುಚ್ಚಿದರೆ ಅವಳಿಗೆ ನಷ್ಟವಿಲ್ಲ, ತೆರೆದರೆ ಲಾಭವಿಲ್ಲ. ಅವಳ ದುಃಖವನ್ನು ಕವಿ ಆಗಲೇ ಅವಳಿಂದ ಬಿಡಿಸಿ ನಮಗೆಲ್ಲ ಹಂಚಿದ್ದಾನೆ. ಮಾರುಕಟ್ಟೆಯಲ್ಲಿ ಕುಳಿತ ಮನುಷ್ಯನ ದುಃಖವನ್ನು ಯಾರೂ ಅವನಿಂದ ಬಿಡಿಸಿಲ್ಲ. ಆ ಶೋಕಕ್ಕೆ ವಾರಸುದಾರನಿದ್ದಾನೆ. ಅವನಿಗೆ ಸಂಜೆಯ ಬಸ್ಸು ಹಿಡಿಯುವುದಿದೆ, ಮೊಟ್ಟೆ ತಂದ ಸಾಲ ತೀರಿಸುವುದಿದೆ. ಅವನ ಶೋಕವನ್ನು ಅವನಿಗೆ ತಿಳಿಯದಂತೆ ‘ಎಲ್ಲರದು’ ಮಾಡುವ ಅಧಿಕಾರ ನನಗೆ ಎಲ್ಲಿಂದ ಬಂತು? ಕವಿಯ ರಿಯಾಯಿತಿಯನ್ನು ಕ್ಯಾಮರಾದವನು ಕೇಳುವಂತಿಲ್ಲ.

ಆದಿಕವಿಯ ಕಥೆಯನ್ನೇ ನೋಡಬಹುದು. ಕ್ರೌಂಚದ ಜೋಡಿಯಲ್ಲಿ ಒಂದು ಬಾಣ ತಗುಲಿ ಬಿದ್ದಾಗ ವಾಲ್ಮೀಕಿಯ ಬಾಯಿಂದ ಶ್ಲೋಕ ಹೊರಟಿತೆಂದು ನಾವೆಲ್ಲ ಹೇಳುತ್ತೇವೆ. ಶೋಕವೇ ಶ್ಲೋಕವಾಯಿತೆಂದು ಮೆಚ್ಚುತ್ತೇವೆ. ಆ ಶ್ಲೋಕದ ಅರ್ಥವೇನೆಂಬುದನ್ನು ಮರೆಯುತ್ತೇವೆ. ಅದು ಬೇಡನಿಗೆ ಕೊಟ್ಟ ಶಾಪ. ಮೊದಲು ಹಕ್ಕಿಯ ಪಕ್ಷ ವಹಿಸಿದ್ದು, ಆಮೇಲೆ ತನ್ನ ಮಾತಿಗೆ ಲಯ ಬಂದುದನ್ನು ಕಂಡು ಬೆರಗಾದದ್ದು. ಈ ಕ್ರಮ ಮುಖ್ಯ. ಲಯವನ್ನೇ ಮೊದಲು ಗಮನಿಸಿ ಹಕ್ಕಿಯನ್ನು ಮರೆತಿದ್ದರೆ ಅವನು ಛಂದೋಜ್ಞನಾಗುತ್ತಿದ್ದ, ಋಷಿಯಾಗುತ್ತಿರಲಿಲ್ಲ.

ಹಾಗಾದರೆ ಕ್ಯಾಮರಾವನ್ನು ಚೀಲದಲ್ಲಿಟ್ಟು ಸುಮ್ಮನಿರುವುದೇ ಧರ್ಮವೆ? ಹಾಗೂ ಹೇಳಲಾರೆ. ನಾವು ಚಹಾ ಕುಡಿಯುತ್ತಿದ್ದ ರಸ್ತೆಯೇ ಇದಕ್ಕೆ ಸಾಕ್ಷಿ. ೨೦೨೩ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ತೆರೆದ ಮೇಲೆ ಗಾಡಿಗಳು ರಾಮನಗರವನ್ನೂ ಚನ್ನಪಟ್ಟಣವನ್ನೂ ಹೊರಬದಿಯಿಂದಲೇ ದಾಟಿಹೋಗುತ್ತವೆ. ಹಳೆಯ ರಸ್ತೆಯ ಅಂಗಡಿಯವರಿಗೆ ವ್ಯಾಪಾರ ಇಳಿದಿದೆ. ಹಾಲೆಮರದ ತುಂಡನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು, ಉಜ್ಜಿದ ಬಿಸಿಯಲ್ಲಿಯೇ ಅದನ್ನು ಮೈಗೆ ಹತ್ತಿಸುವ ಆ ಕೈಗಳನ್ನು ಯಾರೂ ಕದ್ದು ನೋಡುತ್ತಿಲ್ಲ. ಯಾರೂ ನೋಡುತ್ತಲೇ ಇಲ್ಲ. ನೋಟದಿಂದ ಆಗುವ ನೋವು ಒಂದಾದರೆ, ನೋಡದೆ ಹೋಗುವುದರಿಂದ ಆಗುವ ನೋವು ಇನ್ನೊಂದು. ಎರಡನೆಯದಕ್ಕೆ ಗಾಯ ಕಾಣಿಸುವುದಿಲ್ಲವೆಂದು ಅದನ್ನು ಪುಣ್ಯವೆಂದು ಎಣಿಸಬಾರದು. ಮಾರುಕಟ್ಟೆಯಲ್ಲಿಯೂ, ನಮ್ಮ ರೈತರ ಚಿತ್ರ ತೆಗೆದದ್ದನ್ನು ಕಂಡ ಪಕ್ಕದವರು ‘ನಮ್ದೂ ಒಂದ್ ಹಿಡಿಯವ್ವ, ನೋಡು ನಮ್ ಗೂಡು ಹೆಂಗದೆ’ ಎಂದು ಕರೆದಿದ್ದರು. ನೋಡಿಸಿಕೊಳ್ಳುವುದಕ್ಕೆ ಮನುಷ್ಯನಿಗೆ ಬೇಸರವಿಲ್ಲ. ತನ್ನನ್ನು ಏನೆಂದು ನೋಡುತ್ತಾರೆ ಎಂಬುದರಲ್ಲಿ ಅವನ ಮಾನವಿದೆ. ಕೆಲಸ ಬಲ್ಲವನೆಂದು ಕಾಣಿಸಿಕೊಳ್ಳಲು ಎಲ್ಲರಿಗೂ ಇಷ್ಟ; ಪಾಪದವನೆಂದು ಕಾಣಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ.

ರಾಮನಗರಕ್ಕಂತೂ ಬೇರೆಯವರ ಕಣ್ಣಿನಲ್ಲಿ ಬೇರೆಯೇ ಆಗಿ ಕಾಣಿಸಿಕೊಳ್ಳುವ ಅಭ್ಯಾಸ ಹಳೆಯದು. ೧೯೭೫ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಇಲ್ಲಿನ ಬಂಡೆಗಳು ಉತ್ತರದ ಯಾವುದೋ ‘ರಾಮಗಢ’ವಾದವು. ೧೯೮೪ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದಲ್ಲಿ ಮಾಗಡಿ ಕಡೆಯ ಸಾವನದುರ್ಗ ಮತ್ತು ರಾಮದೇವರ ಬೆಟ್ಟ, ಕಾದಂಬರಿಯ ಮರಬಾರ್ ಗುಹೆಗಳ ತಾಣವಾಗಿ ನಿಂತವು. ಕಥೆಗೆ ಆ ಸ್ವಾತಂತ್ರ್ಯವುಂಟು. ಅದರಿಂದ ಬಂಡೆಗೆ ಬಾಧೆಯಿಲ್ಲ. ಬಾಧೆ ಆರಂಭವಾಗುವುದು ನೋಡಬಂದವರು ಗಬ್ಬರ್‌ಸಿಂಗನ ಬಂಡೆಯನ್ನು ವಿಚಾರಿಸಿ, ಗೂಡಿನ ಮಾರುಕಟ್ಟೆಯನ್ನು ವಿಚಾರಿಸದೆ ಹಿಂದಿರುಗುವಾಗ. ಚಿತ್ರ ಊರನ್ನು ತೋರಿಸುವುದರ ಬದಲು ಊರಿನ ಜಾಗದಲ್ಲಿ ತಾನೇ ಕುಳಿತುಬಿಡುತ್ತದೆ.

ಮನುಷ್ಯರ ವಿಷಯದಲ್ಲಿ ಇದು ಎಷ್ಟು ದೂರ ಹೋಗಬಹುದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. ೧೯೩೬ರಲ್ಲಿ ಕ್ಯಾಲಿಫೋರ್ನಿಯದ ಬಟಾಣಿ ಕೂಲಿಗಳ ಶಿಬಿರದಲ್ಲಿ ಡೊರೊಥಿಯ ಲ್ಯಾಂಗ್ ಎಂಬಾಕೆ ಮಕ್ಕಳೊಡನೆ ಕುಳಿತ ತಾಯಿಯೊಬ್ಬಳ ಚಿತ್ರ ತೆಗೆದಳು. ಹೆಸರು ಕೇಳಲಿಲ್ಲ. ಚಿತ್ರ ಪತ್ರಿಕೆಗೆ ಬಂದು ಜಗತ್ಪ್ರಸಿದ್ಧವಾಯಿತು. ಸರಕಾರ ಆ ಶಿಬಿರಕ್ಕೆ ಆಹಾರ ಕಳುಹಿಸಿತು. ಆ ವೇಳೆಗೆ ಆ ತಾಯಿಯ ಸಂಸಾರ ಅಲ್ಲಿಂದ ಮುಂದಕ್ಕೆ ಹೋಗಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂದು ಲೋಕಕ್ಕೆ ತಿಳಿದದ್ದು ೧೯೭೮ರಲ್ಲಿ. ಅದರಿಂದ ತನಗೆ ಒಂದು ಕಾಸೂ ದಕ್ಕಲಿಲ್ಲವೆಂದು ಆಕೆ ನೊಂದುಕೊಂಡಿದ್ದಳು. ೧೯೮೩ರಲ್ಲಿ ಆಕೆ ಕಾಯಿಲೆ ಬಿದ್ದಾಗ, ಆ ಚಿತ್ರವನ್ನು ಬಲ್ಲ ಎಷ್ಟೋ ಜನ ಹಣವನ್ನೂ ಪತ್ರಗಳನ್ನೂ ಕಳುಹಿಸಿಕೊಟ್ಟರು. ಚಿತ್ರದಿಂದ ಒಳಿತಾಯಿತು, ನಿಜ. ಆದರೆ ಯಾರ ಮುಖದಿಂದ ಆಯಿತೋ ಅವಳಿಗೆ ಅದು ತಲುಪಲು ನಲವತ್ತೇಳು ವರ್ಷ ಬೇಕಾಯಿತು. ಆ ಹಣ ಕಳುಹಿಸಿದವರನ್ನು ಯಾರೂ ಒತ್ತಾಯಿಸಿರಲಿಲ್ಲ. ಒಂದು ಮುಖವನ್ನು ನೋಡಿದ್ದಕ್ಕೆ ತಾವು ಏನನ್ನೋ ಕೊಡುವುದು ಬಾಕಿಯಿದೆ ಎಂದು ಅವರಿಗೆ ಅನ್ನಿಸಿರಬೇಕು.

ನಮ್ಮಲ್ಲಿ ಈ ಬಾಕಿಗೆ ಒಳ್ಳೆಯ ಹೆಸರೇ ಇದೆ: ಋಣ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರನ್ನು ಎಲ್ಲರೂ ಕೇಳಿರುತ್ತಾರೆ. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸುತ್ತದೆ. ಅದು ಮನುಷ್ಯರ ಋಣ. ಬಂದವರಿಗೆ ಇರಲು ಎಡೆ ಕೊಟ್ಟು, ಉಣಲು ಅನ್ನವಿಟ್ಟು ಅದನ್ನು ತೀರಿಸಬೇಕಂತೆ. ನಮ್ಮ ಹಳ್ಳಿಯವರು ಉಪ್ಪಿನ ಋಣ, ನೀರಿನ ಋಣ ಎನ್ನುತ್ತಾರೆ. ನೋಟಕ್ಕೂ ಒಂದು ಋಣವುಂಟೆಂದರೆ ಈ ಪಟ್ಟಿಗೆ ಹೊರತಾಗಲಾರದು. ಚೆಲುವನ್ನು ಕಂಡದ್ದು ಅಪರಾಧವಲ್ಲ. ಉಂಡದ್ದು ಅಪರಾಧವೆ? ಉಂಡು ಎಲೆ ಮಡಿಸಿ, ಬಡಿಸಿದವರ ಮುಖ ನೋಡದೆ ಎದ್ದು ಹೋಗುವುದು ಅಪರಾಧ.

ತೀರಿಸುವ ಬಗೆ ದೊಡ್ಡದೇನೂ ಆಗಬೇಕಿಲ್ಲ. ಕೇಳಿ ತೆಗೆಯುವುದು. ತೆಗೆದದ್ದನ್ನು ತೋರಿಸುವುದು. ಅವನು ಮಾಡುವ ಕೆಲಸವೇನೆಂದು ಅವನಿಂದಲೇ ತಿಳಿಯುವುದು. ಗೂಡನ್ನು ಕಿವಿಯ ಬಳಿ ಅಲ್ಲಾಡಿಸುವವನಿಗೆ ನಮಗೆ ಕಾಣದ ಇನ್ನೊಂದು ಚೆಲುವು ಕೇಳಿಸುತ್ತಿರುತ್ತದೆ. ಮುಂದಿನ ಬೆಳೆಗೆ ಅವನು ಅಲ್ಲಿಗೆ ಬಂದೇ ಬರುತ್ತಾನೆ. ಒಂದು ಪ್ರತಿಯನ್ನು ಕೈಗೆ ಕೊಡಲು ಹೆಚ್ಚು ಖರ್ಚಿಲ್ಲ. ಚಿತ್ರದಲ್ಲಿ ಮಳೆಯ ಬೆಳಕನ್ನು ತೋರಿಸಿದವನು, ಆ ಮಳೆಗೆ ಬಿದ್ದ ಬೆಲೆಯನ್ನೂ ಅಡಿಬರಹದಲ್ಲಿ ಹೇಳುವುದು.

ಕಾಲೇಜಿನಲ್ಲಿ ಪ್ರದರ್ಶನ ಏರ್ಪಟ್ಟಾಗ ಈ ನಿಯಮಗಳನ್ನು ವಿದ್ಯಾರ್ಥಿಗಳೇ ಒಪ್ಪಿಕೊಂಡರು. ಗೂಡಿನ ರಾಶಿಯ ಕೆಳಗೆ ಅಂದಿನ ದರ ಬರೆದು ತೂಗುಹಾಕಿದರು. ಆದರೆ ಆ ಮುಖದ ಚಿತ್ರವನ್ನು ಹುಡುಗಿ ತಡೆಹಿಡಿದಳು. ‘ಗೂಡಿನ ಚಿತ್ರಕ್ಕೆ ಅವರನ್ನು ಕೇಳಿದ್ದೆ, ಇದಕ್ಕೆ ಕೇಳಿರಲಿಲ್ಲ’ ಎಂದಳು. ಸಾಹಿತ್ಯದ ಹುಡುಗ ಬಿಡಲಿಲ್ಲ: ‘ಇದನ್ನು ಬಚ್ಚಿಟ್ಟರೆ ಅವರ ನಷ್ಟ ಜನಕ್ಕೆ ತಿಳಿಯುವುದು ಹೇಗೆ?’ ಅವಳು, ‘ನಷ್ಟ ತಿಳಿಯುವುದಕ್ಕೆ ದರ ಬರೆದಿದ್ದೇವಲ್ಲ, ಮುಖ ಯಾಕೆ?’ ಎಂದಳು. ಅವನು, ‘ದರ ಓದಿ ಯಾರ ಕಣ್ಣೂ ಒದ್ದೆಯಾಗುವುದಿಲ್ಲ’ ಎಂದ.

ಇಬ್ಬರ ಮಾತೂ ನಿಜ. ಅಂಕಿಗೆ ಮಾನಭಂಗವಿಲ್ಲ, ಆದರೆ ಅದಕ್ಕೆ ಎದೆ ಕರಗುವುದಿಲ್ಲ. ಮುಖಕ್ಕೆ ಎದೆ ಕರಗುತ್ತದೆ, ಆದರೆ ಆ ಕರಗುವಿಕೆಯ ಬೆಲೆಯನ್ನು ಮುಖದವನೇ ತೆರಬೇಕಾಗುತ್ತದೆ. ಅವನು ತೆರಲು ಸಿದ್ಧನೋ ಇಲ್ಲವೋ ಎಂಬುದನ್ನು ಅವನೊಬ್ಬನೇ ಹೇಳಬಲ್ಲ. ಹುಡುಗಿಯ ತೀರ್ಮಾನದ ಕಡೆಗೆ ನನ್ನ ಮನಸ್ಸು ವಾಲಿತು. ಅಂಥ ಚಿತ್ರ ನನ್ನ ಕೈಯಲ್ಲಿದ್ದಿದ್ದರೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದೆನೆಂದು ಮಾತ್ರ ಭರವಸೆ ಕೊಡಲಾರೆ. ಒಂದು ಮಾತು ನನಗೆ ಖಚಿತ. ಪೇಟೆ ಎಂಬುದು ಯಾವುದನ್ನೂ ಇಬ್ಬರ ಒಪ್ಪಿಗೆಯಿಲ್ಲದೆ ಕೈ ಬದಲಾಯಿಸದ ಜಾಗ. ನೋಡಹೋದವರು ಅಲ್ಲಿಂದ ಬೇರೇನನ್ನೂ ತರದಿದ್ದರೂ ಆ ಒಂದು ಮರ್ಯಾದೆಯನ್ನು ಕಲಿತು ಬರಬಹುದು.